ಹೇಳದ ಕಥೆ, ಹಾಡದ ಹಾಡು



ಎ. ಕೆ. ರಾಮಾನುಜನ್ ಕವಿ, ವಚನಗಳನ್ನು ಇಂಗ್ಲಿಷಿಗೆ ಕೊಟ್ಟವರು ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರು ಭಾಷಾವಿಜ್ಞಾನಿ ಮತ್ತು ಜಾನಪದ ವಿದ್ವಾಂಸರೂ ಹೌದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಾಗ ಜನಪದ ಕಥೆಗಳನ್ನು ಸಂಗ್ರಹಿಸಿದರು. 1958ರಲ್ಲಿ ಭಾಷಾವಿಜ್ಞಾನ ಕಲಿಯಲು ಪುಣೆಯ ಡೆಕ್ಕನ್ ಕಾಲೇಜಿಗೆ ಬಂದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, 1993ರಲ್ಲಿ ತೀರಿಕೊಳ್ಳುವವರೆಗೂ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು.

ಅವರ ಬಾಲ್ಯದಲ್ಲಿ ಮನೆಯೊಳಗೆ ತಮಿಳು, ಹೊರಗೆ ಕನ್ನಡ, ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯ ಜೊತೆ ಇಂಗ್ಲಿಷ್. ನಮ್ಮ ಮಕ್ಕಳಿಗೂ ಮೂರು ಭಾಷೆ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್.

ಅಡುಗೆಮನೆಯಲ್ಲಿ ಅಜ್ಜಿ ಹೇಳುವ ಕಥೆಯನ್ನೂ ಅವರು ಸಾಹಿತ್ಯವೆಂದೇ ಓದಿದರು. ರಾಜಕುಮಾರನ ಕಥೆ ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತದೆ. ಹೆಂಗಸಿನ ಕಥೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯ ನಂತರ ಎಂಬುದನ್ನು ಗುರುತಿಸಿದರು. ಗಿರೀಶ ಕಾರ್ನಾಡರ 'ಚೆಲುವಿ' ಚಿತ್ರದಲ್ಲಿ ಹೂಮರವಾಗುವ ಹುಡುಗಿ ನೆನಪಿರಬಹುದು. ಆ ಜನಪದ ಕಥೆಯನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದವರು ರಾಮಾನುಜನ್.

ಅವರು ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆ ಹೀಗಿದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದವು. ಕಥೆ ಗಂಡಸಿನ ಚಪ್ಪಲಿಯಾಯಿತು, ಹಾಡು ಕೋಟಾಯಿತು. ಅವನ್ನು ನೋಡಿ ಗಂಡ ಸಂಶಯಪಟ್ಟು ಜಗಳ ತೆಗೆದು, ಮುನಿಸಿಕೊಂಡು ಗುಡಿಯಲ್ಲಿ ಹೋಗಿ ಮಲಗಿದ. ಆರಿಸಿದ ಮೇಲೆ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಹರಟುತ್ತಿದ್ದವು. ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಕೇಳಿದರೆ, ಆ ಹೊತ್ತಿಗೆ ಅವಳಿಗೆ ಕಥೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ.

ನಮ್ಮ ಫ್ಲ್ಯಾಟುಗಳಲ್ಲೂ ಅಂಥ ಹಿರಿಯರಿದ್ದಾರೆ. ಧಾರವಾಡದಿಂದ ಬಂದ ನಮ್ಮ ಅತ್ತೆ, ಮೊಮ್ಮಗಳಿಗೆ ಅರ್ಥವಾಗುವುದಿಲ್ಲವೆಂದು ಕಥೆ ಹೇಳುವುದನ್ನೇ ಬಿಟ್ಟಿದ್ದರು. ಈಗ ಭಾನುವಾರಕ್ಕೊಂದು ಕಥೆ ಫೋನಿನಲ್ಲಿ ರೆಕಾರ್ಡ್ ಆಗುತ್ತಿದೆ. ಮಗಳು ನಡುವೆ ಮರಾಠಿಯಲ್ಲಿ ಪ್ರಶ್ನೆ ಕೇಳುತ್ತಾಳೆ, ಅಜ್ಜಿ ಕನ್ನಡದಲ್ಲೇ ಉತ್ತರಿಸುತ್ತಾರೆ.

ನಮ್ಮ ಐಟಿ ಕೆಲಸದಲ್ಲಿ ಒಂದೇ ಕಡೆ ಇರುವ ಡೇಟಾವನ್ನು ಯಾರೂ ನಂಬುವುದಿಲ್ಲ. ಒಬ್ಬರ ನೆನಪಿನಲ್ಲಷ್ಟೇ ಇರುವ ಕಥೆಯೂ ಹಾಗೇ. ಮಹಾರಾಷ್ಟ್ರದಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವ್ಯಾ ಅವರ ತಂಡ ಹಳ್ಳಿಯ ಹೆಂಗಸರ ಬೀಸುವ ಕಲ್ಲಿನ ಓವಿಗಳನ್ನು ಸಂಗ್ರಹಿಸಿತು. ಅವು ಒಂದು ಲಕ್ಷಕ್ಕೂ ಹೆಚ್ಚು. ನಾವು ಮನೆಗೊಂದರಿಂದ ಶುರುಮಾಡೋಣ. ನನ್ನ ಕಥೆ ಸರಿಯೋ ತಪ್ಪೋ ಎಂಬ ಸಂಕೋಚ ಬೇಡ. ಒಂದೇ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದನ್ನೇ ರಾಮಾನುಜನ್ ಸಂತೋಷದಿಂದ ಕೂಡಿಟ್ಟರು.