ಎಳೆಯರ ಗುಟ್ಟು



ಈಗಿನ ಹುಡುಗರಿಗೆ ಗುಟ್ಟೆಂಬುದೇ ಇಲ್ಲ, ಉಂಡದ್ದು ಉಟ್ಟದ್ದನ್ನೆಲ್ಲ ಇನ್‌ಸ್ಟಾಗ್ರಾಮಿನಲ್ಲಿ ಹರಡಿಕೊಳ್ಳುತ್ತಾರೆ ಎಂದು ನಮ್ಮಲ್ಲಿ ಹಲವರು ದೂರುವುದುಂಟು. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಅವರಿಗೂ ಗುಟ್ಟಿದೆ, ಅದನ್ನು ಯಾರ ಕಣ್ಣಿನಿಂದ ಕಾಯಬೇಕೆಂಬ ಲೆಕ್ಕ ಮಾತ್ರ ಬೇರೆ.

ನಮ್ಮ ಈ ಮುಂಬಯಿಯ ಲೋಕಲ್ ಗಾಡಿಯಲ್ಲಿ ಮನೆಯ ಸಾಲಸೋಲದ ಮಾತು ಬಂದರೆ ನಾವೇನು ಮಾಡುತ್ತೇವೆ? ಸುತ್ತ ನೂರು ಕಿವಿಗಳಿದ್ದರೂ ಕನ್ನಡದಲ್ಲಿ ನಿಶ್ಚಿಂತೆಯಿಂದ ಆಡಿಕೊಳ್ಳುತ್ತೇವೆ. (ಪಕ್ಕದಲ್ಲಿ ಕುಳಿತವರು ಧಾರವಾಡದವರೆಂದು ದಾದರ್ ಬಂದಾಗ ತಿಳಿಯುವುದೂ ಉಂಟೆನ್ನಿ!) ಮಕ್ಕಳು ಮಾಡುವುದೂ ಇದನ್ನೇ. ಅಮೆರಿಕದ ಸಂಶೋಧಕಿ ಡೇನಾ ಬಾಯ್ಡ್ ಅವರು ಅಲ್ಲಿನ ಹದಿಹರೆಯದವರನ್ನು ಕುರಿತು 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಬ್ಬ ಹುಡುಗಿಯ ಸಂಗತಿ ಬರುತ್ತದೆ. ಮನಸ್ಸು ಮುರಿದಿದ್ದಾಗ ಆಕೆ ಫೇಸ್‌ಬುಕ್ಕಿನಲ್ಲಿ ಬರೆದದ್ದು ಉಲ್ಲಾಸದ ಹಾಡೊಂದರ ಸಾಲು. ತಾಯಿ ಓದಿ, ಮಗಳು ಸುಖವಾಗಿದ್ದಾಳೆಂದುಕೊಂಡಳು. ಆ ಹಾಡು ಚಲನಚಿತ್ರದಲ್ಲಿ ಸಾವಿನ ಸನ್ನಿವೇಶದಲ್ಲಿ ಬರುವುದೆಂದು ಬಲ್ಲ ಸ್ನೇಹಿತರು ಕೂಡಲೇ ವಿಚಾರಿಸಿಕೊಂಡರು. ಬಂಧುಗಳಿಗೊಂದು, ಆಪ್ತರಿಗೊಂದು ಖಾತೆ ಇಟ್ಟುಕೊಳ್ಳುವುದೂ, ತಾನಾಗಿ ಅಳಿಸಿಹೋಗುವ ಸಂದೇಶ ಕಳುಹಿಸುವುದೂ ಇದೇ ಜಾತಿಯ ಉಪಾಯಗಳು.

ಆದರೆ ಈ ಮರೆ ಅಪ್ಪನಿಗೆ, ಸೋದರತ್ತೆಗೆ ಸಾಕು, ಕಂಪನಿಗೆ ಸಾಲದು. ಎರಡು ಖಾತೆಗಳೂ ಒಂದೇ ಫೋನಿನಲ್ಲಿ, ಒಂದೇ ಕಂಪನಿಯ ದಫ್ತರದಲ್ಲಿ ಇರುತ್ತವೆ. ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ತಂಗಿದರೆಂಬುದೂ ಅಲ್ಲಿ ದಾಖಲಾಗುತ್ತದೆ. ಅಳಿಸಿಹೋಗುವ ಚಿತ್ರವನ್ನಾದರೂ ಪಡೆದವನು ಮರುಕ್ಷಣ ನಕಲು ತೆಗೆದಿಟ್ಟುಕೊಳ್ಳಬಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಅದಕ್ಕೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ 86 ವರ್ಷ. ರಾಜ್ಯೋತ್ಸವದ ದಿನ ನಾವು ನೆನೆಯುವ ಹೆಸರುಗಳ ಸಾಲಿನಲ್ಲಿ ಇದೂ ಇರಬೇಕೆಂದು ನನ್ನ ಆಸೆ. ಮುಂದೆ 2023ರ ದತ್ತಾಂಶ ಸಂರಕ್ಷಣೆಯ ಕಾಯಿದೆಯು 18 ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಮಗು ಯಾರಿಂದ ಮರೆ ಬಯಸುವುದೋ ಅವರ ಸೊಂಟಕ್ಕೇ ಬೀಗದ ಕೈ ಬಂದಂತಾಯಿತು!

ಇಲ್ಲಿಯೇ ನನಗೆ ಭಯ. ಯಾರೋ ಒಂದು ಚಿತ್ರ ಹಿಡಿದುಕೊಂಡು ಹಣಕ್ಕಾಗಿ ಬೆದರಿಸುತ್ತಾರೆ. ಹುಡುಗಿ ಹೇಳುವುದಿಲ್ಲ, ಹೇಳಿದರೆ ಫೋನು ಕಿತ್ತುಕೊಂಡಾರು, ಕಾಲೇಜು ಬಿಡಿಸಿಯಾರು ಎಂಬ ಅಂಜಿಕೆ. ಹಾಗೆ ಮಾಡುವುದಿಲ್ಲವೆಂದು ಇಂದೇ ಮಾತು ಕೊಡಿ. ಬೆದರಿಕೆಯ ಸಂದೇಶವನ್ನು ಅಳಿಸಬಾರದು, ಅದೇ ಸಾಕ್ಷ್ಯ. ಸೈಬರ್ ಅಪರಾಧದ ಸಹಾಯವಾಣಿ 1930. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಮಕ್ಕಳ ನಾಟಕವಿದೆ. ಚಿತ್ರ ತೆಗೆಯಿರಿ, ಸಂಘದ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಬಣ್ಣ ಹಚ್ಚಿದವರನ್ನೊಮ್ಮೆ ಕೇಳಿರಿ. ಬೇಡವೆಂದವರದನ್ನು ಬಿಟ್ಟುಬಿಡಿ.