ಅಡಿಕೆಯ ಊರಲ್ಲಿ ಕ್ಯಾನ್ಸರಿನ ಮಾತು



ಪುತ್ತೂರು, ಸುಳ್ಯ, ಕಡಬದ ಕಡೆ ಕ್ಯಾನ್ಸರ್ ಯಾವುದರಿಂದ ಬರುತ್ತದೆ ಎಂದು ಕೇಳಿದರೆ ಬೀಡಿ, ಗುಟ್ಕಾ ಎಂಬ ಉತ್ತರ ಬೇಗ ಬರುತ್ತದೆ. ಅಡಿಕೆಯ ಹೆಸರೆತ್ತಲು ಮಾತ್ರ ನಾಲಿಗೆ ತಡೆಯುತ್ತದೆ. ತಡೆಯುವುದು ಸಹಜವೇ. ಮಕ್ಕಳ ಓದು, ಮದುವೆ, ಮನೆಯ ಮಾಡು ಎಲ್ಲವೂ ಅಂಗಳದಲ್ಲಿ ಒಣಗುವ ಅಡಿಕೆಯಿಂದ ಆದದ್ದು. 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿದ್ದೂ ಅಡಿಕೆ ಬೆಳೆಗಾರರಿಗೆ ನ್ಯಾಯದ ಬೆಲೆ ಸಿಗಲೆಂದು.

ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೂ, ಹೊಗೆಸೊಪ್ಪು ಸೇರದ ಎಲೆಯಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಇನ್ನಷ್ಟು ಅಧ್ಯಯನ ಆಗಲಿ ಎನ್ನುತ್ತಿವೆ. ಅಧ್ಯಯನ ನಡೆಯಲಿ. ಅಲ್ಲಿಯವರೆಗೆ ಗೊತ್ತಿರುವುದನ್ನು ಜನರಿಂದ ಮುಚ್ಚಿಡುವುದು ಸರಿಯಲ್ಲ.

ಗೊತ್ತಿರುವುದು ಇಷ್ಟು. ಅಡಿಕೆಯಲ್ಲಿರುವ ಅರೆಕೋಲಿನ್ ಮೊದಲಾದ ಅಂಶಗಳು ಕೆನ್ನೆಯ ಒಳಪದರದಲ್ಲಿ ನಾರು ಕಟ್ಟಿಸುತ್ತವೆ. ಮೊದಮೊದಲು ಖಾರ ತಿಂದರೆ ಉರಿ. ಬರಬರುತ್ತ ಒಳಗೆನ್ನೆ ಬಿಳಿಚಿ ಬಿಗಿಯುತ್ತದೆ, ಬಾಯಿ ಅಗಲಿಸಲು ಆಗುವುದಿಲ್ಲ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದೇ ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಹೊಗೆಸೊಪ್ಪು ಸೇರಿದರೆ ಅಪಾಯ ಹೆಚ್ಚು, ಮದ್ಯವೂ ಕೂಡಿದರೆ ಇನ್ನೂ ಹೆಚ್ಚು. ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ವರ್ಷ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅಜ್ಜಿ ಊಟದ ಮೇಲೆ ಮೆಲ್ಲುವ ಎಲೆಗಿಂತ, ಹುಡುಗರು ದಿನವಿಡೀ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವ ಪೊಟ್ಟಣದ ಪುಡಿ ನನಗೆ ಹೆಚ್ಚು ಕಳವಳ ತರುತ್ತದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಬೆರೆಸುವುದು ಅಂಗೈಯಲ್ಲಿ.

ಈ ತಿಳಿವಳಿಕೆ ತೋಟದವರ ಮೇಲಿನ ದೂರಿನ ಹಾಗೆ ಕೇಳಿಸಿದರೆ ಯಾರೂ ಕಿವಿಗೊಡುವುದಿಲ್ಲ. ತಂಬಾಕು ವಿರೋಧಿ ದಿನದ ಮೆರವಣಿಗೆಯೊಂದೇ ಸಾಲದು. ಸಹಕಾರಿ ಸಂಘದ ಮಹಾಸಭೆಯಲ್ಲಿ, ಹಾಲಿನ ಡಿಪೋದಲ್ಲಿ, ಹೈಸ್ಕೂಲಿನ ತರಗತಿಯಲ್ಲಿ, ಅಡಿಕೆಯ ಬೆಲೆ ತಿಳಿದವರ ಬಾಯಿಂದಲೇ ಈ ಮಾತು ಬರಬೇಕು.

30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲಿ ಉಚಿತವಾಗಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ, ಅಥವಾ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಹತ್ತಿರದ ದಂತವೈದ್ಯರಿಗೆ ತೋರಿಸಿ. ಸುಳ್ಯದಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ.