ಗರ್ಭದಲ್ಲಿ ಮಗುವಿನ ಮುಖ ಮೂಡುವ ಬಗೆ

ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಲಿನ ಗ್ರಾಮಗಳ ದಂಪತಿಗಳೇ,

ಶಿವಮೊಗ್ಗವನ್ನು ಹಾದು ಬರುವ ತುಂಗೆಯೂ ಭದ್ರಾವತಿಯನ್ನು ಹಾದು ಬರುವ ಭದ್ರೆಯೂ ಕೂಡಲಿಯಲ್ಲಿ ಒಂದಾಗುವುದನ್ನು ತಾವು ಬಲ್ಲಿರಿ. ತಾಯಿಯ ಗರ್ಭದಲ್ಲಿ ಶಿಶುವಿನ ಮುಖವೂ ಹೀಗೆಯೇ ಎರಡು ಬದಿಗಳಿಂದ ಬಂದು ನಡುವೆ ಕೂಡಿ ಆಗುತ್ತದೆ.

ಗರ್ಭ ನಿಂತ ದಿನದಿಂದ ಎಣಿಸಿದರೆ, ನಾಲ್ಕನೆಯ ವಾರದಲ್ಲಿ ಪಿಂಡವು ಉದ್ದಿನ ಕಾಳಿನಷ್ಟಿರುತ್ತದೆ. ಆಗಲೇ ಅದರ ತಲೆಯ ಕೆಳಗೆ ಎರಡೂ ಪಕ್ಕಗಳಲ್ಲಿ ಕಮಾನಿನಂತಹ ದಿಂಡುಗಳು ಏಳುತ್ತವೆ. ಮೊದಲನೆಯದರಿಂದ ದವಡೆಗಳೂ ಅದರ ಕೆಳಗಿನವುಗಳಿಂದ ಕುತ್ತಿಗೆ ಹಾಗೂ ಧ್ವನಿಪೆಟ್ಟಿಗೆಯ ಭಾಗಗಳೂ ರೂಪುಗೊಳ್ಳುತ್ತವೆ. ತಲೆಯ ಪಕ್ಕಗಳಲ್ಲಿದ್ದ ಕಣ್ಣುಗಳು ಕ್ರಮೇಣ ಮುಂದಕ್ಕೆ ಬರುತ್ತವೆ. ಕಿವಿಗಳು ಕುತ್ತಿಗೆಯ ಬಳಿ ಹುಟ್ಟಿ ಮೇಲೇರುತ್ತವೆ. ಮೇಲ್ದುಟಿಗೆ ಹಣೆಯ ಕಡೆಯಿಂದ ಇಳಿದ ನಡುಭಾಗವೂ ಕೆನ್ನೆಗಳ ಕಡೆಯಿಂದ ಬಂದ ಎರಡು ಭಾಗಗಳೂ ಸೇರಬೇಕು. ಈ ಕೂಡಿಕೆ ಏಳನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಬಾಯಿಯ ಅಂಗುಳವು ಸುಮಾರು ಹನ್ನೆರಡನೆಯ ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಎಲ್ಲಿ ಕೂಡದೆ ಉಳಿಯುವುದೋ ಅಲ್ಲಿ ಸೀಳುತುಟಿ, ಇಲ್ಲವೆ ಸೀಳು ಅಂಗುಳ. ಜಗತ್ತಿನಲ್ಲಿ ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ.

ಇಂತಹ ಮಗು ಹುಟ್ಟಿದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು, “ಗ್ರಹಣದ ದಿನ ಏನು ಕೊಯ್ದೆ?” ಎಂಬುದು. ಹೆರಿಗೆಯ ನೋವಿನ್ನೂ ಆರದ ಬಾಣಂತಿ ಈ ನಿಂದೆಯನ್ನೂ ಹೊರಬೇಕು. ಇದು ಅನ್ಯಾಯ. 2019ರ ಡಿಸೆಂಬರ್ 26ರ ಸೂರ್ಯಗ್ರಹಣವನ್ನು ನೆನೆಯಿರಿ. ಅಂದು ಆರು ತಿಂಗಳ ಬಸುರಿಯೊಬ್ಬಳು ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದ್ದರೂ, ಆಕೆಯ ಮಗುವಿನ ತುಟಿಯ ಕೆಲಸ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು. ಅಂದು ಮೊದಲ ತಿಂಗಳಲ್ಲಿದ್ದವಳಿಗೂ ಆ ನೆರಳಿನಿಂದ ಕೇಡಿಲ್ಲ.

ವಂಶದ ಗುಣ, ತಂಬಾಕು, ಮದ್ಯ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಔಷಧಿಗಳು, ಇವು ಇಂತಹ ನ್ಯೂನತೆಯ ಸಂಭವವನ್ನು ಹೆಚ್ಚಿಸುತ್ತವೆ. ಎಷ್ಟೋ ವೇಳೆ ಯಾವ ಕಾರಣವೂ ಸಿಕ್ಕುವುದಿಲ್ಲ. ಹೊಗೆಸೊಪ್ಪನ್ನು ಎಲೆ ಅಡಿಕೆಯಿಂದ ದೂರವಿಡಿ; ಪತಿಯಾದವನು ಮನೆಯೊಳಗೆ ಬೀಡಿ ಹಚ್ಚಬಾರದು. ಮೂರ್ಛೆಯ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಕೂಡದು, ವೈದ್ಯರನ್ನು ಕೇಳಬೇಕು.

ಮುಟ್ಟು ತಪ್ಪಿ ಎರಡು ತಿಂಗಳು ಕಾದು ಉಪಕೇಂದ್ರಕ್ಕೆ ಬರುವಷ್ಟರಲ್ಲಿ ಮುಖದ ರಚನೆ ಬಹುಪಾಲು ಮುಗಿದಿರುತ್ತದೆ. ಆದುದರಿಂದ ಮಗು ಬೇಕೆಂದು ಇಬ್ಬರೂ ನಿಶ್ಚಯಿಸಿದಾಗಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಬೇಕು. ಇದು ಮುಖ್ಯವಾಗಿ ಮಿದುಳು ಮತ್ತು ಬೆನ್ನುಹುರಿಯ ನ್ಯೂನತೆಗಳನ್ನು ತಡೆಯುತ್ತದೆ. ಅವು ರೂಪುಗೊಳ್ಳುವ ಕೊಳವೆ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಸೀಳುತುಟಿಯನ್ನೂ ಕಡಿಮೆ ಮಾಡೀತು, ಆದರೆ ಅದು ಖಚಿತವಲ್ಲ.

ಸೀಳಿನಿಂದ ಮೊಲೆ ಚೀಪಲಾರದ ಮಗುವನ್ನು ತಲೆ ಎತ್ತರದಲ್ಲಿರುವಂತೆ ಹಿಡಿದು, ಹಿಂಡಿದ ತಾಯಿಹಾಲನ್ನು ಒಳಲೆಯಿಂದ ನಿಧಾನವಾಗಿ ಕುಡಿಸಿರಿ. ತಡಮಾಡದೆ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕರೆತನ್ನಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದರ ಚಿಕಿತ್ಸೆ ಉಚಿತ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿಯೂ ಅಂಗುಳದ್ದನ್ನು 9ರಿಂದ 18 ತಿಂಗಳಲ್ಲಿಯೂ ಮಾಡುತ್ತಾರೆ. ಮಾತು ಬಲಿಯುವ ಮೊದಲೇ ಅಂಗುಳವನ್ನು ಸರಿಪಡಿಸಿದರೆ ಮಗುವಿನ ಉಚ್ಚಾರಣೆ ಸ್ಪಷ್ಟವಾಗುವ ಸಂಭವ ಹೆಚ್ಚು.